ಹೆಡ್‌ಸೆಟ್ಟಿನಲ್ಲಿ ಹೋದ ಹೇಳಿಕೆ

ಪೆಟ್ಟಿಗೆ ಈಗಲೂ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಇರುವೆ ಒಳಗೆ ಹೋಗುವುದಿಲ್ಲ, ಹಾಗಾಗಿ ಏಲಕ್ಕಿ ಹಾಕಿಟ್ಟಿದ್ದೇನೆ. ಮೇಲೆ, ಕಿವಿಗೆ ಕಪ್ಪು ಕಡ್ಡಿ ಸಿಕ್ಕಿಸಿಕೊಂಡು ನಗುತ್ತಿರುವ ಹೆಂಗಸಿನ ಚಿತ್ರ. ಅವಳ ಬೆನ್ನಹಿಂದೆ ರೈಲು, ವಿಮಾನ, ತುಂಬಿದ ಪೇಟೆ. ಕೆಳಗೆ ಬರೆದದ್ದರ ಅರ್ಥ ಇಷ್ಟು: ನೀವು ಎಲ್ಲೇ ಇರಿ, ಸುತ್ತಲಿನ ಗದ್ದಲ ಆಚೆಯವರಿಗೆ ಕೇಳಿಸುವುದಿಲ್ಲ, ನಿಮ್ಮ ದನಿ ಮಾತ್ರ ಕೇಳಿಸುತ್ತದೆ. ಈ ವೈರಿಲ್ಲದ ಹೆಡ್‌ಸೆಟ್ಟನ್ನು ಕೊಂಡವರು ನಮ್ಮ ಕೇರಿಯಲ್ಲಿ ಹಲವರಿದ್ದಾರೆ. ಚಲೋ ಇದೆ ಎಂದವರುಂಟು, ದಂಡ ಎಂದವರುಂಟು. ಪೆಟ್ಟಿಗೆ ಗಟ್ಟಿ ಎಂಬುದೊಂದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಮೊದಲು ತಂದವನು ನನ್ನ ಮೈದುನ. ಅವನದು ಸಣ್ಣ ಗೂಡ್ಸ್ ಗಾಡಿ. ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ. ಯಾರದ್ದೋ ಸಿಮೆಂಟು, ಯಾರದ್ದೋ ಹಿಂಡಿ ಚೀಲ, ಯಾರದ್ದೋ ಮದುವೆಯ ಪಾತ್ರೆ. ಗಾಡಿ ಓಡಿಸುತ್ತಲೇ ಬಾಡಿಗೆ ಮಾತಾಡಬೇಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಒತ್ತಿಕೊಂಡು ಅವನ ಕುತ್ತಿಗೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಒಂದು ಬದಿಗೆ ವಾಲಿರುತ್ತಿತ್ತು. ಅವನಿಗೆ ಬಾಡಿಗೆ ಕೊಡಿಸುವ ಯಲ್ಲಾಪುರದ ಲಾರಿ ಸಾಹೇಬರು ಒಂದು ದಿನ ಅದನ್ನು ನೋಡಲಾರದೆ, ತಮ್ಮ ಕಿವಿಯಲ್ಲಿದ್ದದ್ದನ್ನು ತೆಗೆದು ಅವನ ಕಿವಿಗೆ ಹಾಕಿದರಂತೆ. "ಘಾಟಿಯಲ್ಲಿ ಎಂಜಿನ್ ಕೂಗ್ತಾ ಇರ್ತದೆ, ಆದ್ರೂ ಹೆಂಡ್ತಿ ತರ್ಲಿಕ್ಕೆ ಹೇಳಿದ್ದು ಒಂದೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ಇದರಲ್ಲಿ ಇರೋ ತೊಂದ್ರೆ ಅಂದ್ರೆ ಅದೊಂದೇ ನೋಡಿ" ಎಂದಿದ್ದರಂತೆ. ಮೈದುನ ಅದೇ ಬಗೆಯದನ್ನು ಶಿರಸಿಯ ಅಂಗಡಿಯಿಂದ ತಂದ. ಗಾಡಿಯಲ್ಲಿ ಬಟನ್ ಒತ್ತುವ ಕೆಲಸವೂ ಬೇಡವೆಂದು, ಫೋನು ಬಂದರೆ ಹೆಡ್‌ಸೆಟ್ಟೇ ತಾನಾಗಿ ಎತ್ತಿಕೊಳ್ಳುವ ಹಾಗೆ ಅಂಗಡಿಯವರ ಕೈಯಲ್ಲೇ ಮಾಡಿಸಿಕೊಂಡು ಬಂದ. ತಿಂಗಳೊಪ್ಪತ್ತಿನಲ್ಲಿ ಕುತ್ತಿಗೆ ನೆಟ್ಟಗಾಯಿತು.

ಇದನ್ನು ನೋಡಿ ಉಳಿದವರೂ ಅವನ ಕೈಯಲ್ಲೇ ತರಿಸಿದರು. ಪಕ್ಕದ ಮನೆಯ ನಿವೃತ್ತ ಮಾಸ್ತರರಿಗೆ ಕಿವಿಯ ಹಿಂದೆ ಹುಣ್ಣಾಯಿತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಹಾಕಿಕೊಂಡರು, ಮತ್ತೆ ಹುಣ್ಣಾಯಿತು. ಕೊಂಡದ್ದನ್ನು ಸುಮ್ಮನೆ ಇಡುವ ಜಾತಿಯವರಲ್ಲ ಅವರು. ಅಂಗನವಾಡಿ ಟೀಚರಿಗೆ ಬಹಳ ಒಗ್ಗಿತು, ಮಕ್ಕಳ ಗಲಾಟೆಯಲ್ಲೂ ಮೇಲಿನವರ ಮಾತು ಕೇಳುತ್ತದೆ ಎಂದು ಹೇಳಿಕೊಂಡು ತಿರುಗಿದರು. ಮಳೆಗಾಲ ಹಿಡಿಯುವಷ್ಟರಲ್ಲಿ ಅದರಲ್ಲಿ ಚಾರ್ಜೇ ನಿಲ್ಲದಾಯಿತು. ಒಬ್ಬರು ಗಾಳಿಯ ಸದ್ದೆಲ್ಲ ಆಚೆಗೆ ಹೋಗುತ್ತದೆ ಎಂದರೆ, ಇನ್ನೊಬ್ಬರು ಮಿಕ್ಸರ್ ತಿರುಗುತ್ತಿದ್ದರೂ ಆಚೆಯವರಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ದೊಡ್ಡಮನೆಯ ಮಾವನದ್ದು ಬೇರೆಯೇ ಕಥೆ.

ದೊಡ್ಡಮನೆಯ ಮಾವ ಎಂದರೆ ತೀರಿಹೋದ ನಮ್ಮ ಮಾವನವರ ದಾಯಾದಿ, ನಮ್ಮ ಸಂಬಂಧದ ಮನೆಗಳಿಗೆಲ್ಲ ಹಿರಿಯರು. ಯಾರ ಮನೆಯ ಕಾರ್ಯವೇ ಇರಲಿ, ಅವರು ಪಂಕ್ತಿಯ ತುದಿಯಲ್ಲಿ ಕೂತು ಮೊದಲ ತುತ್ತು ಎತ್ತಿದ ಮೇಲೆಯೇ ಉಳಿದವರ ಕೈ ಎಲೆಗೆ ಹೋಗುವುದು. ಅವರು ಹೋಗದ ಮನೆಗೆ ಬೇರೆಯವರೂ ಹೋಗುವುದಿಲ್ಲ. ಅವರು ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೊಟ್ಟಿಗೆಯಲ್ಲಿ ಬಗ್ಗಿದಾಗ ಅದು ಜಾರಿ ಎಮ್ಮೆಯ ಕಲಗಚ್ಚಿನ ಬಾನಿಗೆ ಬಿತ್ತು. ಕೈ ಹಾಕುವಷ್ಟರಲ್ಲಿ ಎಮ್ಮೆ ಅದನ್ನು ಬಾಯಿಗೆ ತೆಗೆದುಕೊಂಡು, ಜಗಿದು, ರುಚಿ ಹಿಡಿಸದೆ ಉಗುಳಿತು. ತೊಳೆದು ಒಣಗಿಸಿ ಹಾಕಿಕೊಂಡರೆ ಒಳಗಿಂದ ಬರೀ ಬುಸುಬುಸು. "ಆ ಡ್ರೈವರು ಚಲೋದನ್ನ ತನಗಿಟ್ಕಂಡು ಹಾಳಾದ್ದನ್ನ ಯಂಗೆ ಕೊಟ್ಟಿದ್ದ" ಎಂದು ಮಾವ ಹೋದಲ್ಲಿ ಬಂದಲ್ಲಿ ಹೇಳಿದರು. ಎಮ್ಮೆಯ ಸಂಗತಿಯನ್ನು ಅವರು ಎಲ್ಲಿಯೂ ಹೇಳಲಿಲ್ಲ. ಅದನ್ನು ನನಗೆ ಹೇಳಿದ್ದು ಅವರ ಹೆಂಡತಿ, ದೊಡ್ಡಮನೆಯ ಅತ್ತೆ.

ಆ ಮಳೆಗಾಲ ಕಳೆದ ಮೇಲೆ ಮೈದುನನ ಮದುವೆಯಾಯಿತು. ನಲವತ್ತು ದಾಟಿತ್ತು ಅವನಿಗೆ. ನಮ್ಮವರಲ್ಲಿ ಹೆಣ್ಣು ಕೇಳಿ ಕೇಳಿ ಸಾಕಾಗಿ ನಾವೂ ಸುಮ್ಮನಾಗಿದ್ದೆವು. ಹಾವೇರಿ ಕಡೆಗೆ ಬಾಡಿಗೆ ಹೋದಾಗ, ಒಂದು ಹಾಸ್ಟೆಲಿನ ಅಡುಗೆಮನೆಗೆ ಅಕ್ಕಿ ಇಳಿಸುವಲ್ಲಿ ಕಂಡವಳು ಅವಳು. ತಂದೆತಾಯಿ ಇಲ್ಲ, ಅದೇ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಚಿಕ್ಕಮ್ಮ ಸಾಕಿದ್ದು. ಜಾತಿ ಬೇರೆ, ಮಾತು ಬೇರೆ, ನಾವು ಉಣ್ಣುವುದು ಬೇರೆ ಅವರು ಉಣ್ಣುವುದು ಬೇರೆ. ದೇವಸ್ಥಾನದಲ್ಲಿ ಹಾರ ಹಾಕಿ, ರಿಜಿಸ್ಟರ್ ಮಾಡಿಸಿ ಮನೆಗೆ ಕರೆತಂದ. ನಮ್ಮನೆಯವರು ಕೆಲವು ದಿನ ತಮ್ಮನೊಡನೆ ಮಾತು ಬಿಟ್ಟರು. ಆಮೇಲೊಂದು ಬೆಳಿಗ್ಗೆ, "ಬಾವಿಕಟ್ಟೆ ಜಾರ್ತು, ನೋಡ್ಕಂಡು ಹೆಜ್ಜೆ ಹಾಕು" ಎಂದು ಅವಳಿಗೆ ಹೇಳಿದರು. ಅದೇ ಅವರ ಒಪ್ಪಿಗೆ.

ಅವಳ ಚಿಕ್ಕಮ್ಮ ಒಂದು ದಿನದ ರಜೆ ಹಾಕಿ ನೋಡಲು ಬಂದಿದ್ದಳು. ದೊಡ್ಡ ಕೈಗಳ, ಕಡಿಮೆ ಮಾತಿನ ಹೆಂಗಸು. ನಮ್ಮ ಮನೆಯ ಒಲೆ, ಹಂಡೆ, ಮಜ್ಜಿಗೆಯ ಕಂಬ ಎಲ್ಲ ನೋಡಿದಳು. ಹೊರಡುವಾಗ ನನ್ನನ್ನು ಹಿತ್ತಿಲಿಗೆ ಕರೆದು ಕೇಳಿದ್ದು ಒಂದೇ ಮಾತು.

"ನಿಮ್ಮ ಮಂದಿ ಈಕಿ ಕೈಲೆ ನೀಡಿದ್ದು ಉಣ್ತಾರೇನ್ರಿ ಅಕ್ಕಾರ? ಉಣ್ಣಂಗಿಲ್ಲ ಅಂದ್ರ ಈಗ ಹೇಳಿಬಿಡ್ರಿ. ಬಸ್ ಐತಿ, ಕರ್ಕೊಂಡು ಹೊಕ್ಕೀನಿ."

"ಒಂದು ಊಟ ಇಡ್ತೇವೆ. ಎಲ್ಲರೂ ಬರ್ತಾರೆ, ಉಣ್ತಾರೆ" ಎಂದೆ.

"ಅವತ್ತ ನನಗ ರಜಾ ಸಿಗೂದಿಲ್ರಿ. ಉಂಡಾದ ಮ್ಯಾಲ ಫೋನ್ ಹಚ್ತೀನಿ" ಎಂದಳು. ಬಸ್ಸು ಹತ್ತಿದವಳು ಕಿಟಕಿಯಿಂದಲೂ ನನ್ನನ್ನೇ ನೋಡುತ್ತಿದ್ದಳು.

ಅವಳು ಕೇಳಿದ್ದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಹೊಸ ಸೊಸೆಯನ್ನು ಒಪ್ಪಿದೆವು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಪಾಯಸದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ನಡೆಯಬೇಕು, ಹಿರಿಯರು ಅವಳ ಕೈಯಿಂದ ಬಡಿಸಿಕೊಳ್ಳಬೇಕು. ಉಂಡರೆ ಒಳಗಿನವಳು. ಉಣ್ಣದಿದ್ದರೆ ತಲೆ ಹಣ್ಣಾಗುವವರೆಗೂ ಹೊರಗಿನವಳು.

ಊಟವಿಟ್ಟರೆ ಹೇಳಿಕೆ ಮಾಡಬೇಕು. ಹೇಳಿಕೆ ಎಂದರೆ ಬರೀ ಕರೆಯುವುದಲ್ಲ. ಹಿರಿಯರಿಂದ ಶುರುಮಾಡಿ ಮನೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಮುಟ್ಟಿ, ದಿನ ಹೇಳಿ, ಹೊತ್ತು ಹೇಳಿ, ಎಲ್ಲರೂ ಬಂದು ನಡೆಸಿಕೊಡಬೇಕು ಎನ್ನಬೇಕು. ಗಂಡಸರಿಗೆ ಗಂಡಸರು ಹೇಳಬೇಕು, ಹೆಂಗಸರಿಗೆ ಹೆಂಗಸರು. ಈಚೆಗೆ ಫೋನಿನಲ್ಲಿ ಹೇಳಿದರೂ ಒಪ್ಪುತ್ತಾರೆ, ಆದರೆ ಆ ಫೋನಿಗೂ ಒಂದು ಮರ್ಯಾದೆ ಇದೆ. ನಮ್ಮ ಮಾವನವರು ಇದ್ದಾಗ ಹೇಳಿಕೆಯ ಫೋನು ಮಾಡುವ ಮೊದಲು ಅಂಗಿ ಹಾಕಿ, ಶಾಲು ಹೊದ್ದು, ಜಗಲಿಯ ಫೋನಿನೆದುರು ನೆಟ್ಟಗೆ ನಿಲ್ಲುತ್ತಿದ್ದರು. ಆಚೆಯವರಿಗೆ ಶಾಲು ಕಾಣುವುದಿಲ್ಲವಲ್ಲ ಎಂದು, ಹೊಸದಾಗಿ ಬಂದಿದ್ದ ನಾನು ನಕ್ಕಿದ್ದಕ್ಕೆ, "ಕಾಣ್ತಿಲ್ಲೆ, ಗೊತ್ತಾಗ್ತು" ಎಂದಿದ್ದರು.

ಹಾಗಾಗಿ ಮೈದುನನಿಗೆ ಮೊದಲೇ ಹೇಳಿದ್ದೆ. "ಗಾಡಿ ನಿಲ್ಸಿ ಹೇಳು ಮಾರಾಯ. ಓಡಿಸ್ತಾ ಹೇಳಡ."

"ಆತು ಅತ್ಗೆ" ಎಂದ.

ಹೇಳಿದಂತೆ ನಡೆದುಕೊಂಡಿದ್ದ ಕೂಡ. ಅವು ಆಲೆಮನೆಯ ದಿನಗಳು, ಬೆಲ್ಲದ ಡಬ್ಬ ಸಾಗಿಸುವ ಬಾಡಿಗೆಗೆ ಬಿಡುವಿಲ್ಲ. ಆದರೂ ಬೆಳಿಗ್ಗೆ ರಸ್ತೆಬದಿಗೆ ಗಾಡಿ ನಿಲ್ಲಿಸಿ, ಇಳಿದು, ಮೊದಲು ದೊಡ್ಡಮನೆಯ ಮಾವನಿಗೇ ಫೋನು ಮಾಡಿದ. ಅವರು ಎತ್ತಲಿಲ್ಲ. ಗಾಡಿ ಶಿರಸಿಯ ಪೇಟೆಯಲ್ಲಿ, ಹಿಂದೆ ಬಸ್ಸು ಮುಂದೆ ದನ ಎಂದು ಸಿಕ್ಕಿಬಿದ್ದಾಗ ಅವರೇ ತಿರುಗಿ ಮಾಡಿದರು. ಹೆಡ್‌ಸೆಟ್ ತಾನಾಗಿ ಎತ್ತಿಕೊಂಡಿತು. ಆಮೇಲೆ ಮಾಡುತ್ತೇನೆ ಎಂದು ಅಂಥ ಹಿರಿಯರಿಗೆ ಹೇಳಲು ಇವನಿಗೆ ಬಾಯಿ ಬರಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿಕೆ ಮಾಡಿದ. ದಿನ ಹೇಳಿದ, ಹಾರ್ನ್ ಹೊಡೆದ. ಹೊತ್ತು ಹೇಳಿದ, ದನದವನಿಗೆ "ಹೋಯ್, ಬದಿಗೆ ತಗೊಳ್ಳಾ" ಎಂದು ಕೂಗಿದ. ಪಕ್ಕದಲ್ಲಿ ಅವಳು ಕೂತಿದ್ದಳು, ಊಟದ ದಿನಕ್ಕೆ ಬಳೆ ಕೊಳ್ಳಲೆಂದು ಜೊತೆಗೆ ಹೋದವಳು. ಮಾವನಿಗೆ ಸಂತೋಷವಾಗಲಿ ಎಂದು ಅವನು, "ತಡಿ ಮಾವ, ಇದೂ ಒಂದು ಮಾತು ಹೇಳ್ತು" ಎಂದವನೇ ಹೆಡ್‌ಸೆಟ್ ತೆಗೆದು ಅವಳ ಕಿವಿಗೆ ಸಿಕ್ಕಿಸಿದ.

ಅವಳು ಗಡಬಡಿಸಿ ಸೆರಗು ಸರಿಮಾಡಿಕೊಂಡು, ಪೇಟೆಯ ಸದ್ದಿನಲ್ಲಿ ಕೇಳಿಸಲೆಂದು ಗಟ್ಟಿಯಾಗಿ, "ಎಲ್ಲಾರೂ ಬರ್ರಿ ಮಾವಾರ. ಉಣ್ಣಾಕ ಬರ್ರಿ. ಮಕ್ಕಳನ್ನೂ ಕರ್ಕೊಂಡು ಬರ್ರಿ" ಎಂದಳು. ಆಮೇಲೆ ಲಾರಿ ಸಾಹೇಬರಿಗೆ ಫೋನು ಮಾಡಿದಾಗಲೂ ಅವಳ ಕೈಯಲ್ಲಿ ಹೇಳಿಸಿದ; ಉಳಿದ ಮನೆಗಳಲ್ಲಿ ಹೆಚ್ಚಿನವಕ್ಕೆಲ್ಲ ಗಾಡಿ ನಿಲ್ಲಿಸಿಯೇ ಹೇಳಿದ.

ತನ್ನದೇ ಊಟಕ್ಕೆ ಹೊಸ ಸೊಸೆ ಬಾಯಿಬಿಟ್ಟು ಕರೆದದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲಿರಬೇಕು. ಮನೆಗೆ ಬಂದವಳು ಕೈತುಂಬ ಬಳೆ ತೋರಿಸುತ್ತ, "ಅಕ್ಕಾರ, ಮಾವಾರನ್ನ ನಾನೂ ಕರದೆ. ಹೂಂ ಅಂದ್ರು" ಎಂದಳು. ಅವಳ ಮುಖ ನೋಡಿ ನಾನು ಬಳೆಗಳನ್ನೇ ಹೊಗಳಿದೆ.

ಆ ವಾರವೇ, ಊಟದ ಸಿಹಿಗೆಂದು ಗೊತ್ತುಮಾಡಿದ್ದ ತೊಡದೇವಿಗೆ ಅಕ್ಕಿ ಹಿಟ್ಟು ಮಾಡಿಸಲೆಂದು ಗಿರಣಿಗೆ ಹೋದೆವು. ಒಳಗೆ ದೊಡ್ಡಮನೆಯ ಅತ್ತೆ, ಮಾಸ್ತರರ ಹೆಂಡತಿ, ಇನ್ನೂ ಕೆಲವರು ತಮ್ಮ ಸರದಿಗೆ ನಿಂತಿದ್ದರು. ಅವಳು ಹೊರಗೆ ಬಾಗಿಲ ಬದಿಯಲ್ಲಿ ಖಾಲಿ ಡಬ್ಬ ಹಿಡಿದು ನಿಂತಳು.

"ನಿಮ್ಮನೆ ಹೇಳ್ಕೆ ಬಂತೇ ತಂಗಿ. ಬಸ್ಸಲ್ಲಿ ಬಂತ, ಲಾರಿಲಿ ಬಂತ, ಅದೇ ಗೊತ್ತಾಜಿಲ್ಲೆ" ಎಂದು ಅತ್ತೆ ಶುರುಮಾಡಿದರು.

"ಹಾರ್ನ್ ಹೊಡದು ಕರದ್ವಡ!" ಎಂದರು ಮಾಸ್ತರರ ಹೆಂಡತಿ. "ಬದಿಗೆ ತಗ ಹೇಳಿದ್ದು ಯಾರಿಗಡ ಅತ್ತೆ, ದನಕ್ಕನ, ನಿಂಗಕ್ಕನ?"

"ಯಂಗೆ ಹೇಳಿಯೇ ತಿಳ್ಕಂಡಿ. ಸರಿದು ಕೂತ್ಕಂಡಿ" ಎಂದು ಅತ್ತೆ, ತನಗೇ ಹೇಳಿದ್ದೆಂದು ತಿಳಿದವರ ಹಾಗೆ ಬದಿಗೆ ಸರಿದು ತೋರಿಸಿದರು.

ನಗೆ ಗಿರಣಿಯ ಸದ್ದನ್ನೂ ಮೀರಿತು. ಮಾಸ್ತರರ ಹೆಂಡತಿ ಸೊಂಟಕ್ಕೆ ಕೈಕೊಟ್ಟು, ಕತ್ತು ಕೊಂಕಿಸಿ, "ಪೋಂ ಪೋಂ! ಎಲ್ಲಾರೂ ಬರ್ರಿ! ಉಣ್ಣಾಕ ಬರ್ರಿ!" ಎಂದು ಬಾಗಿಲ ಕಡೆಗೇ ತಿರುಗಿ ಹೇಳಿದರು.

"ಎಲ್ಲ ಸರಿಯಾಗೇ ಕೇಳಿದ್ದು ಹೇಳಾತು ಹಂಗಾರೆ" ಎಂದೆ ನಾನು.

"ಎಂತ ಕೇಳಿದ್ದು?" ಅತ್ತೆಯ ಮುಖ ಬಿಗಿಯಿತು. "ಹಾರ್ನ್ ಕೇಳ್ಚು, ಬರ್ರಿ ಕೇಳ್ಚು. ಹೇಳ್ಕೆ ಕೇಳಿದ್ದಿಲ್ಲೆ. ಆ ಕಡ್ಡಿನೇ ಹಂಗೆ ಮಾರಾಯ್ತಿ, ನಮ್ಮನೆ ಎಮ್ಮೆಯೂ ಉಗುಳಿದ್ದು."

ಹಿಟ್ಟು ತೆಗೆದುಕೊಂಡು ಹೊರಗೆ ಬಂದೆ. ಗಿರಣಿಯ ಸದ್ದಿನಲ್ಲಿ ಅವಳಿಗೆ ಕೇಳಿರಲಿಕ್ಕಿಲ್ಲ ಎಂದುಕೊಂಡೆ. ಬಿಸಿ ಡಬ್ಬವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತ ಒಂದಷ್ಟು ದೂರ ನಡೆದ ಮೇಲೆ ಅವಳು ಕೇಳಿದಳು.

"ಅಕ್ಕಾರ, ಇಲ್ಲಿ ಉಣ್ಣಾಕ ಕರಿಬೇಕಾದ್ರ ಏನಂತ ಕರೀಬೇಕ್ರಿ?"

"ಬನ್ನಿ ಅಂದ್ರೆ ಸಾಕು."

"ಬನ್ನಿ" ಎಂದಳು. ಮನೆಯವರೆಗೂ ತುಟಿ ಅಲ್ಲಾಡುತ್ತಿತ್ತು. ಬನ್ನಿ, ಕೂತ್ಕೊಳ್ಳಿ, ಉಣ್ಣಿ.

ಹೆಡ್‌ಸೆಟ್ಟಿನಲ್ಲಿ ಹೋದ ಹೇಳಿಕೆ ಸಾಲದು ಎಂದು ನಾನು, ನಮ್ಮನೆಯವರು ಇಬ್ಬರೂ ಕುಂಕುಮದ ಭರಣಿ ಹಿಡಿದು ದೊಡ್ಡಮನೆಗೆ ಹೋದೆವು. ಮಾವ ಬಹಳ ಆದರದಿಂದ ಕೂರಿಸಿದರು. ಬೆಲ್ಲ ಬಂತು, ನೀರು ಬಂತು. ಗಿರಣಿಯಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಅತ್ತೆ ಹಣೆಯೊಡ್ಡಿ ಕುಂಕುಮ ಹಚ್ಚಿಸಿಕೊಂಡರು. ದಿನ, ಹೊತ್ತು ಎಲ್ಲವನ್ನೂ ನಮ್ಮನೆಯವರು ನಿಂತುಕೊಂಡು ಹೇಳಿದರು, ಹೆಗಲ ಮೇಲೆ ಶಾಲಿತ್ತು.

"ಇಷ್ಟೆಲ್ಲ ಎಂತಕ್ಕಾ? ನಿನ್ ತಮ್ಮ ಪ್ಯಾಟೆಂದನೇ ಹೇಳಿದ್ನಲ" ಎಂದು ನಕ್ಕರು ಮಾವ. "ಬತ್ಯ, ಬತ್ಯ. ತೊಡದೇವು ಇದ್ದನೇ ಕೂಸೇ?"

"ಇದ್ದು ಮಾವ."

"ಡಬ್ಬದ್ದು ಬ್ಯಾಡ ಯಂಗೆ. ಬಿಸಿದೇ ಆಗವು."

ಬಿಸಿಯದು ಬೇಕೆಂದು ಕೇಳಿದವರು ಬಾರದೆ ಇರುತ್ತಾರೆಯೇ? ದಾರಿಯುದ್ದಕ್ಕೂ ನಾವಿಬ್ಬರೂ ಅದನ್ನೇ ಮಾತಾಡಿಕೊಂಡು ಬಂದೆವು.

ಮಾವ ಕೇಳಿದ್ದು ಬಿಸಿಯದು ಎಂದೊಡನೆ, ತಾನೇ ಮಾಡುತ್ತೇನೆ ಎಂದಳು ಅವಳು. ತೊಡದೇವು ಸುಲಭದ್ದಲ್ಲ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರುನೀರಾಗಿ ಕಲಸಬೇಕು. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಾದ ಅದರ ಬೆನ್ನ ಮೇಲೆ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಎಳೆತಕ್ಕೆ ಎಳೆಯಬೇಕು. ಕಾಗದಕ್ಕಿಂತ ತೆಳ್ಳಗೆ ಹರಡಿದ್ದು ಗರಿಗಟ್ಟುವ ಮೊದಲೇ ತುಪ್ಪ ಸವರಿ ಮಡಿಸಿ ತೆಗೆಯಬೇಕು. ನಮ್ಮ ಹುಡುಗಿಯರಿಗೂ ಈಗ ಬರುವುದಿಲ್ಲ. ಅವಳು ಬೆರಳ ತುದಿಗಳನ್ನೆಲ್ಲ ಸುಟ್ಟುಕೊಂಡು, ಹರಿದವನ್ನು ತಾನೇ ತಿಂದು, ಹಟ ಹಿಡಿದು ಕಲಿತಳು. ರೊಟ್ಟಿ ಬಡಿದ ಕೈ, ಬಿಸಿಗೆ ಅಂಜುತ್ತಿರಲಿಲ್ಲ. ಊಟದ ಹಿಂದಿನ ದಿನ ಅವಳು ತೆಗೆದದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಆಚೆಗಿನ ಕಿಟಕಿಯ ಸರಳು ಕಾಣುತ್ತಿತ್ತು.

ಊಟದ ದಿನ ಅಂಗಳ ಸಾರಿಸಿ, ಒಳಗಿನ ಹಜಾರದಲ್ಲಿ ಎದುರುಬದುರಾಗಿ ಎಲೆ ಹಾಕಿದೆವು. ತುದಿಯಲ್ಲಿ ದೊಡ್ಡಮನೆಯ ಮಾವನಿಗೆ ಮಣೆ. ಮೈದುನ ಮನೆಯೊಳಗೆ ನಿಲ್ಲಲಾರದೆ ದಾರಿಯ ತಿರುವಿನವರೆಗೆ ನೋಡಿ ಬರುತ್ತೇನೆಂದು ಹೊರಟ. ಯಾರಾದರೂ ಫೋನು ಮಾಡಿದರೆ ಮನೆಯಲ್ಲಿ ಎತ್ತುವವರಿರಲಿ ಎಂದು ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟ. ಅವಳಿಗೆಂದು ಬೇರೆ ಫೋನು ಇರಲಿಲ್ಲ, ಚಿಕ್ಕಮ್ಮ ಮಾಡುವುದೂ ಅದಕ್ಕೇ. ಅವಳ ಎರಡೂ ಕೈ ಹಿಟ್ಟಿನಲ್ಲಿದ್ದುದರಿಂದ ಹೆಡ್‌ಸೆಟ್ಟನ್ನು ಅವಳ ಕಿವಿಗೇ ಸಿಕ್ಕಿಸಿ ಹೋದ.

ಹೇಳಿದ ಹೊತ್ತಿಗೆ ಸರಿಯಾಗಿ ಬಂದವರು ಯಲ್ಲಾಪುರದ ಲಾರಿ ಸಾಹೇಬರು ಒಬ್ಬರೇ. ಬಿಳಿ ಅಂಗಿ, ಕೈಯಲ್ಲಿ ಖರ್ಜೂರದ ಪೊಟ್ಟಣ. ನಮ್ಮನೆಯವರು ಅವರನ್ನು ಕಂಡು ಸಂತೋಷದಿಂದಲೇ ಕೈಮುಗಿದರು, ಒಳಗೆ ಹಾಕಿದ್ದ ಅಷ್ಟೂ ಎಲೆಗಳನ್ನು ಒಮ್ಮೆ ನೋಡಿದರು, ಆಮೇಲೆ ಜಗಲಿಯಲ್ಲಿ ಒಂದು ಚಾಪೆ ಹಾಸಿದರು. ಸಾಹೇಬರು ಒಳಗಿನ ಎಲೆಗಳನ್ನೂ ನೋಡಿದರು, ಚಾಪೆಯನ್ನೂ ನೋಡಿದರು.

"ಇಲ್ಲೇ ಗಾಳಿ ಚೆನ್ನಾಗಿದೆ" ಎಂದು ಕೂತರು.

ಅವಳು ಹೆಡ್‌ಸೆಟ್ ಹಾಕಿಕೊಂಡೇ ಪಾಯಸದ ಪಾತ್ರೆ ಹಿಡಿದು ಹೊರಗೆ ಬಂದಳು. "ಬನ್ನಿ, ಉಣ್ಣಿ" ಎಂದಳು, ಕಲಿತ ಪಾಠದ ಹಾಗೆ.

"ಏನು ಬೇಟಿ, ಅವತ್ತು ಫೋನಲ್ಲಿ ಬರ್ರಿ ಬರ್ರಿ ಅಂದೆ, ಘಾಟಿ ಏರ್ತಾ ಇದ್ದೆ, ಎಷ್ಟು ಸಾಫ್ ಕೇಳಿಸ್ತು! ಅದಕ್ಕೇ ಬಂದೆ. ಈಗ ಬನ್ನಿ ಅಂತೀಯಲ್ಲ, ವಾಪಸ್ ಹೋಗ್ಲಾ?" ಎಂದು ನಕ್ಕರು ಸಾಹೇಬರು. ಅವಳೂ ನಕ್ಕಳು. ಅವತ್ತು ಅವಳು ನಕ್ಕಿದ್ದು ಅದೊಂದೇ ಸಲ. ಅವರು ಪಾಯಸವನ್ನು ಹಾಕಿಸಿಕೊಂಡು ಉಂಡರು, ತೊಡದೇವನ್ನು ಮತ್ತೆ ಕೇಳಿ ಉಂಡರು. ಅವರು ಉಂಡದ್ದು ನಮ್ಮ ಜನದ ಲೆಕ್ಕಕ್ಕೆ ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು; ಬೇಗ ಬೇಗ ಕೈತೊಳೆದು, ಲೋಡು ಕಾಯುತ್ತಿದೆ ಎಂದು ಎದ್ದರು.

ಅವರ ಲಾರಿಯ ಸದ್ದು ಅಡಗುವ ಮೊದಲೇ ಫೋನುಗಳು ಶುರುವಾದವು. ಅವಳು ಮುಟ್ಟುವುದೇ ಬೇಡ, ಒಂದೊಂದೂ ತಾನಾಗಿ ಎತ್ತಿಕೊಂಡು ನೇರ ಅವಳ ಕಿವಿಯೊಳಗೆ ಮಾತಾಡುತ್ತಿತ್ತು. ಅವಳು ಮಡಕೆಯ ಮೇಲೆ ಬಟ್ಟೆ ಎಳೆಯುತ್ತ ನನಗೆ ವರದಿ ಕೊಟ್ಟಳು. "ಅವರಿಗೆ ಮೊಣಕಾಲು ನೋವಂತ್ರಿ." "ಅವರ ಆಕಳು ಇವತ್ತ ಈಯೂದಂತ್ರಿ." "ಇವರಿಗೆ ನಾವು ಕರದದ್ದು ಗಾಳಿ ಸಪ್ಪಳದಾಗ ತಿಳಿದಿಲ್ಲಂತ್ರಿ." ಆಮೇಲಿನವರಿಗೂ ಗಾಳಿಯ ಸಪ್ಪಳ, ಅದರ ಆಮೇಲಿನವರಿಗೂ. ಗಾಡಿ ನಿಲ್ಲಿಸಿ, ರಸ್ತೆಬದಿಯಲ್ಲಿ ನಿಂತು ಹೇಳಿಕೆ ಮಾಡಿದ ಮನೆಗಳೂ ಅದರಲ್ಲಿದ್ದವು.

ದೊಡ್ಡಮನೆಯ ಮಾವನ ಫೋನು ಬಂದದ್ದು ಕೊನೆಗೆ.

"ಹೇಳ್ರಿ ಮಾವಾರ" ಎಂದಳು. ಗಾಬರಿಯಲ್ಲಿ ಕಲಿತದ್ದು ಮರೆತಿತ್ತು. "ಇಲ್ರಿ, ನಾನೇ ರಿ. ಅವರು ನಿಮ್ಮ ದಾರಿ ನೋಡಾಕ ಹೋಗ್ಯಾರ." ಆಮೇಲೆ, "ಹೌದ್ರಿ." ಬಟ್ಟೆ ಹಿಡಿದ ಕೈ ಮಡಕೆಯ ಮೇಲೆಯೇ ನಿಂತಿತು. "ಆತ್ರಿ. ನಮಸ್ಕಾರ್ರಿ."

ಮಡಕೆಯ ಬೆನ್ನ ಮೇಲಿನದು ಕಪ್ಪಾಗಿ, ಸುಟ್ಟ ಬೆಲ್ಲದ ವಾಸನೆ ಮನೆತುಂಬ ಹರಡಿತು.

"ಎಂತ ಹೇಳಿದ್ರು?" ಎಂದೆ.

"ನೀ ಬರ್ರಿ ಅಂದದ್ದು ಚಲೋತ್ನಾಗಿ ಕೇಳಿತ್ತು, ಯಾವ ದಿನಾ ಅನ್ನೂದು ಕೇಳಿದ್ದಿಲ್ಲ ಅಂದ್ರು. ಕೇಳಿದ್ರ ಬರ್ತಿದ್ರಂತ್ರಿ."

"ಮನೆಗೇ ಹೋಗಿ, ಕುಂಕುಮ ಹಚ್ಚಿ ಹೇಳಿ ಬಂದಿದ್ದೇನಲ್ಲೇ!"

"ಅದನ್ನ ನಾ ಅನ್ನಲಿಲ್ರಿ." ಸುಟ್ಟದ್ದನ್ನು ಉಗುರಿನಿಂದ ಕೆರೆಯತೊಡಗಿದಳು. "ಅಲ್ಲಿ ಮಂದಿ ಭಾಳ ಇದ್ದಂಗ ಕೇಳಿಸ್ತ್ರಿ ಅಕ್ಕಾರ. ಬಡಸೂ ಸಪ್ಪಳ, ಲೋಟದ ಸಪ್ಪಳ. ಎಲ್ಲಾರೂ ನಗಾಕ ಹತ್ತಿದ್ರು. ಹಿಂದಿಂದ ಯಾರೋ ಬರ್ರಿ ಬರ್ರಿ ಅಂತ ಕೂಗಿದ್ರು. ಒಂದೊಂದೂ ತಿಳೀತೈತಿ ಇದರಾಗ."

ಮೈದುನ ತಿರುಗಿ ಬಂದಾಗ ನಾವು ಕೇಳುವ ಅಗತ್ಯವಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ. "ದೊಡ್ಡಮನೆಲಿ ಇವತ್ತೇ ಸತ್ಯನಾರಾಯಣ ಕಥೆಯಡ. ಎಲ್ಲರ ಬೈಕೂ ಅಲ್ಲೇ ಇದ್ದು ಅತ್ಗೆ. ಮಾಸ್ತರ್ರದ್ದೂ ಇದ್ದು." ಆಮೇಲೆ ನೇರ ಅವಳ ಬಳಿಗೆ ಹೋಗಿ ಹೆಡ್‌ಸೆಟ್ಟಿಗೆ ಕೈಹಾಕಿದ. ಒಲೆಗೇ ಎಸೆಯುತ್ತಿದ್ದನೋ ಏನೋ. ಅವಳು ಹಿಟ್ಟಿನ ಕೈಯಲ್ಲಿಯೇ ಕಿವಿ ಮುಚ್ಚಿಕೊಂಡಳು.

"ಬ್ಯಾಡ್ರಿ. ಚಿಗವ್ವ ಫೋನ್ ಹಚ್ತಾಳ."

ನಮ್ಮನೆಯವರು ಹಜಾರದ ಕಂಬಕ್ಕೆ ಒರಗಿ ಕೂತಿದ್ದರು. ಉಣ್ಣಲು ಯಾರೂ ಏಳಲಿಲ್ಲ. ಅಷ್ಟರಲ್ಲಿ ದೊಡ್ಡಮನೆಯ ಊಟ ಮುಗಿಸಿಕೊಂಡು ಬಂದ ಮಾಸ್ತರರ ಹೆಂಡತಿ ಬೇಲಿಯಾಚೆಯಿಂದ ನನ್ನನ್ನು ಕರೆದರು. ದನಿ ಸಣ್ಣದು ಮಾಡಿಕೊಂಡು, "ತೊಡದೇವು ರಾಶಿ ಉಳದಿಕ್ಕು ಅಲ್ದನೇ? ನೀ ಮಾಡಿದ್ದಾದ್ರೆ ಒಂಚೂರು ಕಟ್ಟಿಕೊಡು, ನಮ್ಮನೆಯವ್ಕೆ ಪ್ರೀತಿ" ಎಂದರು.

"ಎಲ್ಲ ಅದೇ ಮಾಡಿದ್ದು" ಎಂದೆ, ಒಳಗಿದ್ದ ಅವಳತ್ತ ಕೈತೋರಿಸಿ.

"ಹಂಗಾರೆ ಬ್ಯಾಡ ಬಿಡು" ಎಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು.

ನಾನು ಒಳಗೆ ಬರುವಾಗ ಅವಳು ಹಜಾರದಲ್ಲಿ, ಖಾಲಿ ಎಲೆಗಳ ಎರಡು ಸಾಲಿನ ನಡುವೆ ನಿಂತಿದ್ದಳು. ಕೈಯಲ್ಲಿ ಪಾಯಸದ ಪಾತ್ರೆ, ಅದರಲ್ಲಿ ಸೌಟು. ಹೊರಗೆ ಕೊಂಡೊಯ್ದು ದನಕ್ಕೆ ಹಾಕಲು ಎತ್ತಿಕೊಂಡಿದ್ದಳು, ಅಷ್ಟರಲ್ಲಿ ಕಿವಿಯಲ್ಲಿ ಫೋನು ಎತ್ತಿಕೊಂಡಿತ್ತು.

"ಹೂಂ ಬೇ. ಹೂಂ, ಉಂಡ್ರು. ಎಲ್ಲಾರೂ ಬಂದಾರ ಬೇ." ಅವಳ ದನಿ ಎಂದಿಗಿಂತ ಗಟ್ಟಿಯಾಗಿತ್ತು, ಶಿರಸಿಯ ಪೇಟೆಯಲ್ಲಿ ಮಾತಾಡಿದಷ್ಟು. "ದೊಡ್ಡಮನಿ ಮಾವಾರೂ ಬಂದಾರ. ತುದೀಗೆ ಕುಂತಾರ ನೋಡು. ಹೂಂ, ಪಾಯಸ ನಾನೇ ನೀಡಿದೆ. ಇನ್ನಷ್ಟ ನೀಡು ಅಂತ ಕೇಳಿ ಹಾಕಿಸ್ಕೊಂಡ್ರು."

ಆಚೆಯಿಂದ ಏನೋ ಪ್ರಶ್ನೆ ಬಂತು. ಅವಳು ಸುತ್ತ ನೋಡಿದಳು. ಮೈದುನ ಬಾಗಿಲಲ್ಲಿ ಮುಖ ಆಚೆ ಮಾಡಿ ನಿಂತಿದ್ದ, ನಮ್ಮನೆಯವರು ಕಂಬದ ಬುಡದಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಎಲೆಯ ತುದಿಗೆ ಬಡಿಸಿದ ಉಪ್ಪಿನ ಮೇಲೆ ನೊಣವೂ ಕೂತಿರಲಿಲ್ಲ.

"ಇಲ್ಲ ಬೇ, ಇನ್ನೂ ಅದಾರ. ಪಡಸಾಲಿ ತುಂಬ ಮಂದಿ ಅದಾರ." ಸೌಟಿನಿಂದ ಪಾತ್ರೆಯ ಅಂಚಿಗೆ ಟಣ್ ಎಂದು ಬಡಿದು, ಮಾವನಿಗೆಂದು ಹಾಕಿದ್ದ ಮಣೆಯ ಕಡೆಗೆ ತಿರುಗಿ, "ಉಣ್ಣಿ ಮಾವ, ನಿಧಾನಕ್ಕೆ ಉಣ್ಣಿ" ಎಂದಳು. ಮತ್ತೆ ಹೆಡ್‌ಸೆಟ್ಟಿನ ಕಡ್ಡಿಯನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಗದ್ದಲ ಭಾಳ ಐತಿ ಬೇ. ನಿನಗ ಕೇಳಸೂದಿಲ್ಲ ಅಷ್ಟ. ಈ ಹೆಡ್‌ಸೆಟ್ ಹಂಗ ಐತಿ, ಸುತ್ತಲಿನ ಸಪ್ಪಳ ಎಲ್ಲಾ ಕಡೀಗೆ ತಗದು ನಂದೊಂದೇ ದನಿ ಕಳಸ್ತೈತಿ."

ಆಚೆಯವಳು ನಂಬಿದಳೆಂದು ಕಾಣುತ್ತದೆ. ಅವಳ ಭುಜ ಇಳಿಯಿತು.

"ಹೂಂ ಬೇ, ಭಾಳ ಚಲೋ ಐತಿ" ಎಂದಳು. "ನೀನೂ ಒಂದು ತಗೋ."